ಆನೆಯಿಲ್ಲದ ಓಟ

ತಾಳವಾಡಿ ಬಸ್‌ಸ್ಟ್ಯಾಂಡಿನಲ್ಲಿ ಪಣಕಹಳ್ಳಿ ಬಸ್ಸಿಗೆ ಕಾದು ಕಾದು ಬೇಸತ್ತಿದ್ದ ದೊಡ್ಡಯ್ಯನ ಕಿವಿಗೆ ಪಕ್ಕದಲ್ಲಿದ್ದ ಅತ್ತೆ ಸೊಸೆಯರ ಮಾತು ಬಿತ್ತು.

“ಸುಧಾಮಣಿ, ಬೆಳಿಗ್ಗೆ ನೀ ಓಡದ್ ಕಂಡು ಆನೆ ಬಂತು ಅಂತ ಊರೋರೆಲ್ಲ ಪಟಾಕಿ ಒಡುದ್ರಲ್ಲವ್ವ!”

“ಅವತ್ತು ಜೋಳದೊಲದಲ್ಲಿ ಆನೆ ಅಟ್ಟುಸ್ಕಂಡ್ ಬಂದಿದ್ದು ದಿಟ ಅಲ್ವಾ ಅತ್ತೆ?”

“ಅದು ಕಾಡ್ಗೋಗಿ ತಿಂಗ್ಳಾಯ್ತು. ಇನ್ನೂ ಯಾಕ್ ದಿನಾ ಓಡ್ತೀಯೆ?”

“ಆನೆ ನಿಂತ್ಕತು, ನನ್ ಕಾಲು ನಿಲ್ನಿಲ್ಲ. ಸುಮ್ಕೆ ಕೂತ್ರೆ ಮೈಯೆಲ್ಲ ಕಡೀತದೆ.”

“ಊರೇ ನಗ್ತದೆ ಕಣವ್ವ. ನಾಳಿಂದ ಬುಟ್ಬುಡು.”

“ಆಗದಿಲ್ಲ. ಈ ಚೀಲ ಇಡ್ಕಳಿ, ನೀವ್ ಬಸ್ಸಲ್ ಬನ್ನಿ.”

ಸುಧಾಮಣಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಊರಿನ ರಸ್ತೆ ಹಿಡಿದು ಓಡಿಯೇಬಿಟ್ಟಳು. ಎಲ್ಲ ಕೇಳಿಸಿಕೊಂಡಿದ್ದ ದೊಡ್ಡಯ್ಯನೂ, ಆನೆ ಎಲ್ಲಿ ಬಂತು ಎಂದು ಒಮ್ಮೆ ಹಿಂದಿರುಗಿ ನೋಡಿದ.