ಗಟ್ಟದ ತಿರುವಿನ ಗಾಳಿ

ಅಲ್ಲ ಕಣವ್ವ, ದೆವ್ವ ಗಿವ್ವ ಏನಿಲ್ಲ ಆ ತಿರುವಲ್ಲಿ, ಯಾರ್ ಏಳುದ್ರು ನಿಂಗೆ? ಬಸ್ಸಲ್ಲಿ ಎಲ್ರೂ ಕೈ ಮುಗಿತರೆ ಅಂತ ನೀನೂ ಮುಗ್ದ್ಯಾ? ಬಾ ಇಲ್ಲಿ, ಕುತ್ಗ. ಲೇ ಮೊಗ, ನೀನೂ ಬಾಲಾ. ಆ ದೆವ್ವನ ಉಟ್ಟಿಸ್ದವ್ನು ನಾನೇ ಕಣ್ರಲಾ. ನನ್ ಬಾಯಿಂದ ಉಟ್ತು ಅದು.

ನನ್ ತಂಗಿ ಸಿವಮ್ಮ ಇದ್ಲಲ್ಲ, ಅವಳ ಗಂಡ ಮಾದೇವ. ಲಾರಿ ಡ್ರೈವರು. ಗೆಟ್ಟವಾಡಿಲಿ ಕೋಸು ತುಂಬ್ಕೊಂಡು ದಿಂಬದ ಗಟ್ಟ ಇಳ್ಸೋನು. ನಾನು ಲೋಡಿನಾಳು, ಅವನ ಪಕ್ಕದಲ್ಲೇ ಕುಂತಿದ್ದೆ. ಮಟಮಟ ಮದ್ಯಾನ, ಒಂದೆಲೆ ಅಳ್ಳಾಡ್ತಿರ್ಲಿಲ್ಲ ಗೊತ್ತಾ. ಎರಡ್ನೇ ತಿರುವು... ಅಲ್ಲಲ್ಲ, ಮೂರ್ನೇದು, ದೊಡ್ಡ ಬಂಡೆ ಇರೋದು, ಅಲ್ಲಿಗೆ ಬರೋವಾಗ ಎಲ್ಲಿಂದ್ಲೋ 'ಉಸ್ಸ್' ಅಂತ ಒಂದು ಸದ್ದು. ಆವು ಬುಸುಗುಟ್ದಂಗೆ. ಕಾಲಡಿಯಿಂದ್ಲೋ ಕಾಡಿಂದ್ಲೋ ತಿಳೀಲಿಲ್ಲ. ಮಾದೇವ ರೋಡು ನೋಡ್ತಿಲ್ಲ ಕಣ್ರಲಾ, ಸ್ಟೇರಿಂಗ್ ಇಂದೆ ಯಾರೋ ಕುಂತವ್ರೆ ಅನ್ನಂಗೆ ಅಲ್ಲಿಗೇ ಕಣ್ಣು ನೆಟ್ಟವ್ನೆ. ಮೊಕ ಬೂದಿ ಆಗೋಗದೆ. 'ಭಾವ, ಗಾಳಿ! ಗಾಳಿ!' ಅಂದ. ಅಷ್ಟೇಯ. ನಾನು ಬಾಗ್ಲಿಂದಾಚೆಗೆ ಪೊದೆ ಮ್ಯಾಲೆ ಬಿದ್ದೆ. ಅವನು ಲಾರಿ ಜೊತೇಲೇ ಕೆಳಕ್ಕೋದ. ಕೋಸು ಮಾತ್ರ ಒಂದೊಂದೇ ಉಳ್ಳುತ್ತಾ ಇತ್ತು, ಬಾಳೊತ್ತು.

ಆಸ್ಪತ್ರೆಗೆ ತಮಿಳ್ನಾಡು ಪೋಲೀಸ್ನೋರು ಬಂದ್ರು, ಗಟ್ಟ ಅವ್ರ ಕಡೇದಲ್ವಾ. 'ಎನ್ನ ಸೊನ್ನಾರು?' ಅಂತ ಕೇಳುದ್ರು, ಏನಂದ ಅವನು ಅಂತ. ನಾನು 'ಕಾತ್ತು' ಅಂದೆ. ತಮಿಳಲ್ಲಿ ಗಾಳಿಗೂ ಅದೇ ಮಾತು, ದೆವ್ವಕ್ಕೂ ಅದೇ ಮಾತು, ನಮ್ಮಂಗೇಯ. ಬರಿಯೋನ ಪೆನ್ನು ನಿಂತೋಯ್ತು. ಕಿಟಕಿ ಕಡೆ ನೋಡಿ, ಮೆತ್ತಗೆ, 'ಕಾತ್ತು ಕರುಪ್ಪಾ?' ಅಂದ, ದೆವ್ವ ಗಿವ್ವನಾ ಅಂತ. ನಾನು ಊ ಅಂದ್ಬುಟ್ಟೆ. ನಂಗೂ ಅಂಗೇ ಕಂಡಿತ್ತಲ್ಲ! ಅವನ ಕಣ್ಣು ನೋಡಿದ್ರೆ ನೀವೂ ಊ ಅಂತಿದ್ರಿ. ಡ್ರೈವರು ದೆವ್ವ ಕಂಡು ಎದ್ರಿ ಲಾರಿ ಬುಟ್ಟ, ತಪ್ಪೆಲ್ಲಾ ಅವನ್ದೇಯ, ಅಂತ ಕಾಗ್ದ ಆಯ್ತು.

ಲಾರಿ ಓನರ್ಗೆ ಇನ್ನೇನು ಬೇಕು? ಎಂಟೇ ದಿನಕ್ಕೆ ಆ ತಿರುವಲ್ಲಿ ತ್ರಿಶೂಲ ನೆಟ್ಟ, ಕೋಳಿ ಕುಯ್ಸ್ದ. ಜನವೂ ಸುರು ಮಾಡುದ್ರು, ಮಾದೇವ ಅಲ್ಲಿ ಉಸ್ಸ್ ಅಂತ ಕರೀತನೆ ಅಂತ. ನೀರಿಗೋದ್ರೆ ಸಿವಮ್ಮನ್ನ ಕಂಡು 'ಅಗೋ, ಗಾಳಿ ಮಾದೇವನ ಎಂಡ್ರು' ಅಂತ ಕೊಡ ಎತ್ಕೊಂಡು ಸರಿಯೋರು. ಅವ್ಳು ನನ್ನ ಒಂದು ಮಾತೂ ಬಯ್ನಿಲ್ಲ. ಅದೇ ನಂಗೆ ಚುಚ್ಚೋದು.

ಆಮೇಲೆ ಲಾರಿಲಿದ್ದ ಮಾದೇವನ ಟವಲ್ಲು ತರಾನ ಅಂತ ನಾವಿಬ್ರೂ ಠಾಣೆ ಇಂದಕ್ಕೋದೊ. ಲಾರಿ ಮಗ್ಗುಲಾಗಿ ಬಿದ್ದಿತ್ತು, ಒಟ್ಟೆ ಕಾಣಂಗೆ. ಬಗ್ಗಿ ನೋಡ್ತೀನಿ, ಬ್ರೇಕಿನ ಪೈಪು ಸೀಳೋಗದೆ. ದೊಡ್ಡ ಲಾರಿ ಬ್ರೇಕು ಇಡಿಯೋದು ಗಾಳಿಲಿ ಕಣ್ರಲಾ, ಆ ಪೈಪಲ್ಲಿ ಓಡಾಡೋ ಗಾಳಿಲಿ! ಸೀಳಿಗೆ ಸೈಕಲ್ ಟ್ಯೂಬು ಸುತ್ತವ್ರೆ. ಅದರ ಮ್ಯಾಲೆ ಕರೀ ದಾರ. ದಾರದಲ್ಲಿ ಒಂದು ತಾಮ್ರದ ತಾಯತ.

ಸಿವಮ್ಮ ಆ ತಾಯತ ಬೆರಳಲ್ಲಿ ಮುಟ್ಟುದ್ಲು. 'ಅಣ್ಣ, ಇವ್ರು ಸ್ಪೀಕರ್ ಆಕಿ ಫೋನಲ್ಲಿ ಮಾತಾಡ್ದಾಗ ನಾನು ಒಲೆ ಮುಂದಿದ್ದೆ. ಗಾಳಿ ಇಳೀತಾ ಅದೆ ಓನರೇ, ಪೈಪು ಬದಲಾಯ್ಸಿ, ಇಲ್ದಿದ್ರೆ ಗಟ್ಟ ಇಳ್ಸಕಾಗಲ್ಲ ಅಂದ್ರು. ಆವಯ್ಯ ನಗಾಡ್ಕೊಂಡು, ಗಾಳಿಗೆ ಪೈಪ್ಯಾಕ್ಲಾ, ತಾಯತ ಕಳಿಸ್ತೀನಿ ಕಟ್ಟು, ಲೋಡು ನಿಲ್ಲಂಗಿಲ್ಲ ಅಂದ. ತಮಾಸೆ ಅನ್ಕೊಂಡಿದ್ದೆ ಅಣ್ಣ.'

ತಮಾಸೆ! ನಿಜವಾಗ್ಲೂ ಕಳ್ಸಿದ್ದ ಕಣ್ರಲಾ. ಮಾದೇವ ಕಣ್ಣು ನೆಟ್ಟಿದ್ದು ದೆವ್ವದ ಮ್ಯಾಲಲ್ಲ, ಸ್ಟೇರಿಂಗ್ ಇಂದ್ಗಡೆ ಮೀಟರಲ್ಲಿ ಗಾಳಿ ತೋರ್ಸೋ ಮುಳ್ಳಿನ ಮ್ಯಾಲೆ. ಅದು ಸೊನ್ನೆಗೆ ಬೀಳೋದ ನೋಡ್ತಿದ್ದ. ನಾನು ಎಬ್ಬೆಟ್ಟಿನವ್ನು, ಕೇಸು ಅಂದ್ರೆ ಏನಂತ ಗೊತ್ತಿರ್ಲಿಲ್ಲ. ಅವತ್ತಿಂದ ಅಕ್ಸರ ಕಲ್ತೆ, ಒಬ್ಬೊಬ್ಬ ವಕೀಲನ ಬಾಗ್ಲೂ ತಟ್ದೆ. ಬಸ್ಸು ಗಟ್ಟ ಇಳಿಯೋವಾಗೆಲ್ಲಾ ಆ ತಿರುವಲ್ಲಿ ಕಣ್ಣು ಮುಚ್ಕೊತಿದ್ದೆ.

ಕೊನೆಗೆ ಒಬ್ಬ ವಕೀಲ ಕೇಸಾಕ್ದ. ಕೋರ್ಟಲ್ಲಿ ಓನರ್ ಕಡೆ ವಕೀಲ ಎದ್ದ. 'ದೊಡ್ಡವ್ರೇ, ಕಾತ್ತು ಅಂತ ನೀವೇ ಏಳಿಲ್ವಾ?'

'ಏಳ್ದೆ ಸ್ವಾಮಿ. ಆ ಗಾಳಿ ಪೈಪಲ್ಲಿತ್ತು. ದೆವ್ವ ಆಗಿದ್ರೆ ನಿಮ್ಮ ಓನರ್ ಕಟ್ಸಿದ್ ತಾಯತಕ್ಕೆ ನಿಲ್ಬೇಕಿತ್ತಲ್ಲ, ಯಾಕೆ ನಿಲ್ನಿಲ್ಲ?'

ಜಡ್ಜಮ್ಮ ಆ ಪೈಪ ಬಿಚ್ಚಿ ತರ್ಸುದ್ರು, ತಾಯತದ ಸಮೇತ. ಮೇಜಿನ ಮ್ಯಾಲೆ ಸತ್ತ ಆವಿನಂಗೆ ಬಿದ್ದಿತ್ತು. ಸರಿಯಿಲ್ಲ ಅಂತ ಗೊತ್ತಿದ್ದೂ ಗಾಡಿ ರೋಡಿಗೆ ಬುಟ್ಟವನ್ದೇ ತಪ್ಪು, ಓಡ್ಸ್ದವನ್ದಲ್ಲ ಅಂತ ಬರುದ್ರು. ಸಿವಮ್ಮ ಅದನ್ನ ಮೂರ್ಸಲ ಓದುಸ್ಕೊಂಡ್ಲು. ಆಮೇಲೆ ಕೊಡ ಇಡ್ಕೊಂಡು ನಲ್ಲಿತಾವ್ಕೆ ಓಗಿ ಎಲ್ರಿಗಿಂತ ಮುಂದೆ ನಿಂತ್ಲು.

ತ್ರಿಶೂಲ ಇನ್ನೂ ಅಲ್ಲೇ ಅದೆ, ಕೀಳಾಕೆ ಯಾರ್ಗೂ ದೈರ್ಯ ಇಲ್ಲ. ಆ ಉಸ್ಸ್ ಸದ್ದಾ? ಕೇಳುಸ್ತದೆ ಕಣವ್ವ. ಸುಳ್ಳು ಏಳಲ್ಲ, ಯಾವ ಗಾಡಿನೂ ಇಲ್ದಾಗ್ಲೂ ಒಂದೆರಡು ಸಲ ಕೇಳ್ಸ್ಯದೆ ನಂಗೆ. ಅದಕ್ಕೇ ಏಳೋದು, ಉಸ್ಸ್ ಅಂದ್ರೆ ಮೊದ್ಲು ಬಸ್ಸು ನಿಲ್ಸಿ ಅಂತ ಕಿರುಚು, ಕೆಳಕ್ಕೆ ಬಗ್ಗಿ ನೋಡ್ಸು. ಕೈ ಆಮೇಲೆ ಮುಗಿದ್ರಾಯ್ತು.