ಹೊಗೆ ಆರಿದ ಮೇಲಿನ ಕಣ್ಣೀರು

ಹಿಂದೆ ಒಬ್ಬ ಶ್ರೀಮಂತ ಇದ್ದ. ಯಾವೂರು ಅಂತ ಕೇಳಬೇಡಿ, ಹೇಳಿದರೆ ನಿಮ್ಮಲ್ಲೇ ಯಾರಿಗಾದರೂ ನೆಂಟನಾಗಿಬಿಡ್ತಾನೆ. ಎಂಥ ಶ್ರೀಮಂತ ಅಂದ್ರೆ, ಅವನ ಮನೆ ಉಯ್ಯಾಲೆ ಒಂದ್ಸಲ ತೂಗಿದರೆ ಪಕ್ಕದೂರಿಗೆ ಹೋಗಿ ಬರ್ತಿತ್ತು. ಅವನು ನಕ್ಕರೆ ಬೀದಿಗೆಲ್ಲ ಕೇಳ್ತಿತ್ತು.

ಒಂದು ದಿನ ಅವನು ಮಂಚ ಬಿಟ್ಟು ಏಳಲಿಲ್ಲ. ಮಾರನೇ ದಿನವೂ ಏಳಲಿಲ್ಲ. ಊಟ ಬೇಡ, ಸ್ನಾನ ಬೇಡ, ಮಾತು ಬೇಡ. ಉಯ್ಯಾಲೆ ಮೇಲೆ ಬೆಕ್ಕು ಮಲಗಿತು.

ಜನ ಬಂದು, "ಏನಪ್ಪಾ, ನಿನಗೇನು ಕಮ್ಮಿ?" ಅಂದ್ರು. ಅವನು ಯೋಚನೆ ಮಾಡಿದ. ಏನೂ ಕಮ್ಮಿ ಇರಲಿಲ್ಲ. ಅದಕ್ಕೇ ಇನ್ನೂ ನಾಚಿಕೆಯಾಗಿ ಗೋಡೆ ಕಡೆ ತಿರುಗಿದ.

ಅವನ ಸೋದರತ್ತೆ, "ದೃಷ್ಟಿಯಾಗಿದೆ, ಮೆಣಸಿನಕಾಯಿ ಸುಡ್ರಮ್ಮ" ಅಂದ್ರು. ಒಂದು ಹಿಡಿ ಸುಟ್ರು. ಏಳಲಿಲ್ಲ. ಒಂದು ಮೂಟೆ ಸುಟ್ರು. ಬೀದಿಗೆ ಬೀದಿಯೇ ಕೆಮ್ಮಿತು, ಪಕ್ಕದೂರಿನ ಕಾಗೆಗಳು ಸೀನಿದವು. ನಾನು ಸುಳ್ಳು ಹೇಳೋನಲ್ಲ. ಎಲ್ಲರ ಕಣ್ಣಲ್ಲೂ ನೀರು, ಶ್ರೀಮಂತನ ಕಣ್ಣಲ್ಲೂ ನೀರು.

"ನೋಡಿ, ಇಳೀತಿದೆ ದೃಷ್ಟಿ" ಅಂದ್ರು ಅತ್ತೆ. ಎಲ್ಲರೂ ಸಮಾಧಾನವಾಗಿ ಕಾಫಿಗೆ ಎದ್ದರು.

ಹೊಗೆ ಆರಿತು. ಎಲ್ಲರ ಕಣ್ಣೂ ಒಣಗಿತು. ಅವನದು ಒಣಗಲಿಲ್ಲ. ಅದನ್ನ ಕಂಡವಳು ಅವನ ಅಕ್ಕ ಒಬ್ಬಳೇ. ಹೋಗಿ ಮಂಚದ ಮೇಲೆ ಕೂತಳು.

"ಏನಾಗ್ತಿದೆಯೋ?"

"ಗೊತ್ತಿಲ್ಲ ಅಕ್ಕ. ನಾನಿಲ್ಲದಿದ್ರೇ ನಿಮಗೆಲ್ಲ ಒಳ್ಳೇದು ಅನ್ಸುತ್ತೆ."

ಅಕ್ಕ ಬಯ್ಯಲಿಲ್ಲ. "ಯಾವಾಗಿಂದ ಹೀಗನ್ಸುತ್ತೆ?" ಅಂದಳು. ಪೂರ್ತಿ ಕೇಳಿಸಿಕೊಂಡಳು. ಆವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಳು. ಅತ್ತೆ ಬಿಡ್ತಾರಾ? ಅವರೂ ಗಾಡಿ ಹತ್ತಿದ್ರು.

ಡಾಕ್ಟರು, "ಇದು ಖಿನ್ನತೆ ಅನ್ನೋ ಕಾಯಿಲೆ. ಚಿಕಿತ್ಸೆ ಇದೆ" ಅಂದ್ರು.

"ಎಲ್ಲಾ ಇದೆಯಲ್ಲ ಡಾಕ್ಟ್ರೇ, ಇವನಿಗೇನು ಕಮ್ಮಿ?" ಅಂದ್ರು ಅತ್ತೆ.

"ಕಾಮಾಲೆ ಬಂದೋರನ್ನ ಹಾಗೆ ಕೇಳ್ತೀರಾ ಅಮ್ಮ?"

ಅತ್ತೆ ಸೆರಗಲ್ಲಿ ಕಟ್ಟಿಕೊಂಡು ಬಂದಿದ್ದ ಮೆಣಸಿನಕಾಯಿ ಗಂಟನ್ನ ಮೆಲ್ಲಗೆ ಹಿಂದಕ್ಕೆ ಸರಿಸಿದರು.

ಮಾತ್ರೆ ತಗೊಂಡ, ಮಾತಾಡಿದ, ತಿಂಗಳುಗಳೇ ಹಿಡಿದವು. ಒಂದು ಬೆಳಿಗ್ಗೆ ಒಗ್ಗರಣೆ ಘಾಟು ಮೂಗಿಗೆ ಬಡಿದು, "ಯಾರದು, ಕಿಟಕಿ ತೆಗೀರಿ" ಅಂತ ಮಂಚದಿಂದಲೇ ರೇಗಿದ. ಒಲೆ ಮುಂದೆ ಅಕ್ಕ ಅತ್ತಳು. ಘಾಟಿಗಲ್ಲ, ತಮ್ಮ ಮತ್ತೆ ರೇಗಿದ್ದಕ್ಕೆ.

ಈಗ ನಿಮ್ಮ ಮನೆಗೆ ಬರೋಣ. ನಗಬೇಡಿ, ಇಲ್ಲೂ ಮೆಣಸಿನಕಾಯಿ ಸುಡೋರು ಕೂತಿದ್ದೀರಿ. "ಧೈರ್ಯ ತಂದ್ಕೋ," "ಎದ್ದು ಓಡಾಡು," "ಬರೀ ಸೋಮಾರಿತನ." ಇದೆಲ್ಲ ಏನು? ಹೊಗೆ. ನಾಳೆಯಿಂದ "ನಿನಗೇನು ಕಮ್ಮಿ" ಅನ್ನೋದು ಬಿಡಿ. ಹತ್ತಿರ ಕೂತು "ಏನಾಗ್ತಿದೆ" ಅಂತ ಕೇಳಿ, ಉತ್ತರ ಬರೋತನಕ ಬಾಯಿ ಮುಚ್ಕೊಂಡಿರಿ. "ನಾನಿಲ್ಲದಿದ್ರೇ ಒಳ್ಳೇದು" ಅಂದರೆ ಒಬ್ಬರನ್ನೇ ಬಿಡಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮಲಗಿರೋರು ನೀವೇ ಆದರೆ, ಯಾರಾದರೂ ಒಬ್ಬರಿಗೆ ಹೇಳಿ.

ಮೆಣಸಿನಕಾಯಿ ಇದೆಯಲ್ಲ, ಅದನ್ನ ಸಾರಿಗೆ ಹಾಕಿ.