ಮೂರು ದಿನದ ಲೋಷನ್

ಹೇಳಿಬಿಡಲೇ, ಅಥವಾ ಕೇಳದೆ ಮೂಗು ತೂರಿಸಿದಂತಾಗುತ್ತದೆಯೇ? ನಾನು ಓದಿದ್ದು ರಸಾಯನಶಾಸ್ತ್ರ; ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಮಿಕ್ಸಿ ರಿಪೇರಿ ಅಂಗಡಿಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಅಕ್ಕ ತಂಗಿ ಕೂತಿದ್ದರು. ಅಕ್ಕನ ಕೈಯಲ್ಲಿದ್ದ ಬಾಟಲಿಯಲ್ಲಿ ಎಣ್ಣೆ ಮೇಲೆ ನಿಂತಿತ್ತು, ನೀರು ಕೆಳಗೆ.

“ಮತ್ತೆ ಒಡೀತು ನೋಡು ನಿನ್ನ ಲೋಷನ್.”

“ಎಣ್ಣೆ, ಜೇನುಮೇಣ ಕರಗಿಸಿ, ನಲ್ಲಿ ನೀರು ಹಾಕಿ ತಿರುಗಿಸ್ತೀನಕ್ಕ. ಮೊದಲು ಬೆಣ್ಣೆ ಥರಾನೇ ಇರುತ್ತೆ. ಮೂರು ದಿನಕ್ಕೆ ಹಿಂಗೆ.”

“ಮಿಕ್ಸಿ ಬೇರೆ ಸುಟ್ಟೆ. ಅಮ್ಮನ ಕಾಲಿಗೆ ಅಂಗಡೀದು ತರಬಾರ್ದಾ, ಮಹಾತಾಯಿ?”

“ಅಂಗಡೀದಾದ್ರೆ ನೀನೇ ಹಚ್ತೀಯ. ನಾನ್ಯಾಕೆ ಬೇಕು?”

ಅಕ್ಕ ಬಾಟಲಿಯ ಮುಚ್ಚಳ ಬಿಗಿ ಮಾಡಿದಳು.

“ನನ್ನ ಮದುವೆ ಆದಾಗಿಂದ ನನ್ನ ಹತ್ರ ಒಂದು ಮಾತಾಡಿಲ್ಲ ಅಮ್ಮ,” ಎಂದಳು ತಂಗಿ. “ಹೊಸ ಬಾಟ್ಲಿ ತಗೊಂಡು ಹೋದ್ರೆ ಮಾತ್ರ ಕಾಲು ಚಾಚ್ತಾಳೆ.”

“ಇವತ್ತು ಬೆಳಿಗ್ಗೆ ಇದನ್ನ ಬೆಳಕಿಗೆ ಹಿಡಿದು ನೋಡಿದ್ಲು ಕಣೇ. ‘ಒಡೆದಿದೆ, ಅವಳಿಗೆ ಹೇಳು’ ಅಂದ್ಲು.”

“ಅವಳಿಗೆ ಹೇಳು ಅಂದ್ಲಾ?”

“ಎರಡು ಸಲ.”

ತಂಗಿ ಬಾಟಲಿಯನ್ನು ತನ್ನ ಕೈಗೆ ತೆಗೆದುಕೊಂಡಳು. “ಸಂಜೆ ಬರ್ತೀನಿ ಅಂತ ಹೇಳು.”

ಮೆಕ್ಯಾನಿಕ್ ಮಿಕ್ಸಿ ತಂದಿಟ್ಟು, “ಮೇಣ ಮೆತ್ಕೊಂಡಿತ್ತಮ್ಮ, ಇನ್ಮೇಲಾದ್ರೂ ಹುಷಾರು,” ಎಂದ. ತಂಗಿ ಅದನ್ನು ಎದೆಗವಚಿಕೊಂಡು ಎದ್ದಳು. ಇಬ್ಬರೂ ರಸ್ತೆ ದಾಟಿ ಹೋದರು.

ನೀರನ್ನೂ ಎಣ್ಣೆಯಷ್ಟೇ ಬಿಸಿ ಮಾಡಿ, ಸ್ವಲ್ಪ ಸ್ವಲ್ಪವಾಗಿ ಸುರಿದು, ಆರುವವರೆಗೂ ಕದಡುತ್ತಿದ್ದರೆ ಅದು ಅಷ್ಟು ಬೇಗ ಒಡೆಯುವುದಿಲ್ಲ ಎಂದು ನಾನು ಅವರಿಗೆ ಹೇಳಲಿಲ್ಲ.